ಕಜ್ಜಿಯ ಚರಿತ್ರೆ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಮಕ್ಕಳ ಚರ್ಮರೋಗಗಳನ್ನು ಕುರಿತು

ರೋಗಗಳಲ್ಲಿ ಚರಿತ್ರೆ ಉಳ್ಳವು ಕೆಲವು, ಇಲ್ಲದವು ಕೆಲವು. ಸಿಡುಬು, ಪ್ಲೇಗು, ಕಾಲರಾಗಳನ್ನು ಕುರಿತು ಹಳೆಯ ಮುಂಬಯಿ ಇಲಾಖೆಯ ಕಾಗದಪತ್ರಗಳಲ್ಲಿ ಸಂಪುಟಗಟ್ಟಲೆ ಸಾಮಗ್ರಿ ದೊರೆಯುತ್ತದೆ. ಕಜ್ಜಿ, ಗಜಕರ್ಣ, ಕುರು, ಬೆವರುಗುಳ್ಳೆಗಳಿಗೆ ಆ ಭಾಗ್ಯವಿಲ್ಲ. ಕಾರಣ ಸರಳವಾದುದು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರವು ಇರಿಸತೊಡಗಿದ ಮರಣದ ಲೆಕ್ಕದಲ್ಲಿ ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಗಾಯ, ಇತರ ಕಾರಣಗಳು ಎಂದು ಅಂಕಣಗಳಿದ್ದುವು. ಕಜ್ಜಿಯಿಂದ ಸತ್ತವರೆಂದು ಯಾರನ್ನೂ ಬರೆಯುವಂತಿರಲಿಲ್ಲ. ಆದುದರಿಂದ ಕಜ್ಜಿಗೆ ಅಂಕಣವೂ ಇರಲಿಲ್ಲ. ಚರ್ಮರೋಗವು ಕಾಣಿಸಿಕೊಳ್ಳುವುದು ಔಷಧಾಲಯಗಳ ವರದಿಗಳಲ್ಲಿ. ಅಲ್ಲಿಯೂ ಜ್ವರಗಳ ತರುವಾಯ, ಒಂದೆರಡು ಮಾತುಗಳಲ್ಲಿ. ರಾತ್ರಿಯಿಡೀ ತುರಿಸಿಕೊಂಡು ನಿದ್ದೆಗೆಟ್ಟ ಮಗು ಬೆಳಗ್ಗೆ ಶಾಲೆಗೆ ಹೋಗದೆ ಉಳಿದರೆ ಅದು ಯಾವ ದಫ್ತರಕ್ಕೂ ಸೇರತಕ್ಕ ಸಂಗತಿಯಾಗಿರಲಿಲ್ಲ.

ಈ ಲೇಖನದಲ್ಲಿ ನಾವು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಊರುಗಳನ್ನೂ ಅವುಗಳ ಸುತ್ತಣ ಹಳ್ಳಿಗಳನ್ನೂ ದೃಷ್ಟಿಯಲ್ಲಿಟ್ಟುಕೊಂಡು ಉಷ್ಣಪ್ರದೇಶದ ಮಕ್ಕಳನ್ನು ಸಾಮಾನ್ಯವಾಗಿ ಪೀಡಿಸುವ ಚರ್ಮರೋಗಗಳ ಪೂರ್ವವೃತ್ತಾಂತವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ರೋಗದ ದಾಖಲೆ ಮೌನವಾಗಿರುವಲ್ಲಿ ನೀರಿನ ದಾಖಲೆಯನ್ನು ಓದಬೇಕೆಂಬುದು ನಮ್ಮ ಅಭಿಪ್ರಾಯ. ಬಾವಿ ಯಾರದು, ಕೆರೆ ಎಷ್ಟು ತಿಂಗಳು ಉಳಿಯಿತು, ಕೊಡ ಹೊತ್ತವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಂತೆ ಮಕ್ಕಳ ಮೈಮೇಲಿನ ಹುಣ್ಣುಗಳ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ಮೊದಲು ಪ್ರದೇಶದ ಸ್ವರೂಪವನ್ನು ನೋಡೋಣ. ಉತ್ತರಕ್ಕೆ ಮಲಪ್ರಭೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಇರುವುದು ಎರೆಯ ಬಯಲು, ಮಸಾರಿಯ ತುಂಡುಗಳು, ಕಪ್ಪತಗುಡ್ಡದ ಸಾಲು. ವರ್ಷದ ಮಳೆ ೬೦೦ ಮಿಲಿಮೀಟರಿನ ಆಸುಪಾಸು. ಅದೂ ಸರಿಯಾಗಿ ಬಂದ ವರ್ಷದಲ್ಲಿ. ಎರೆಯ ನೆಲದಲ್ಲಿ ತೋಡಿದ ಬಾವಿಯ ನೀರು ಅನೇಕ ಕಡೆ ಸವಳು. ಜೋಳ, ಹತ್ತಿ, ಕುಸುಬೆಗಳಿಗೆ ಸಾಕಾಗುವ ಮಳೆ ಮನುಷ್ಯರ ಸ್ನಾನಕ್ಕೆ ಸಾಕಾಗದೆಂಬುದು ಇಲ್ಲಿನ ಹಳೆಯ ಅನುಭವ. ಕುಡಿಯುವ ನೀರನ್ನು ದೂರದಿಂದ ಹೊತ್ತು ತರುವ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಕೂಸಿನ ಜಳಕ.

ಈ ನಾಲ್ಕು ಊರುಗಳು ಒಂದಕ್ಕೊಂದು ಹತ್ತಿರದಲ್ಲಿದ್ದರೂ ಒಂದೇ ಆಳಿಕೆಗೆ ಒಳಪಟ್ಟಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕುದು. ಗದಗ-ಬೆಟಗೇರಿ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದುವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಕೃಷ್ಣೆಯ ದಡದ ರಾಜಧಾನಿಗಳಿಂದ ಬಹುದೂರದಲ್ಲಿ, ನಾಲ್ಕೂ ಕಡೆ ಬ್ರಿಟಿಷ್ ಸೀಮೆಯಿಂದ ಸುತ್ತುವರಿಯಲ್ಪಟ್ಟು ಇವು ದ್ವೀಪಗಳಂತಿದ್ದುವು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ೧೯೫೬ರಲ್ಲಿ ಎಲ್ಲವೂ ವಿಶಾಲ ಮೈಸೂರು ರಾಜ್ಯವನ್ನು ಸೇರಿದುವು. ೧೯೯೭ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಗದಗಿನಿಂದ ಒಂದು ದಿನದ ಚಕ್ಕಡಿಯ ಹಾದಿಯಲ್ಲಿ ಮೂರು ಆಳಿಕೆಗಳ ಕಾನೂನು ಬದಲಾಗುತ್ತಿತ್ತು. ಇದರ ಪರಿಣಾಮ ಮಕ್ಕಳ ಚರ್ಮದವರೆಗೂ ಮುಟ್ಟಿದುದನ್ನು ಮುಂದೆ ಕಾಣುತ್ತೇವೆ.

ಹೆಸರುಗಳ ವಿಚಾರವಾಗಿ ಒಂದೆರಡು ಮಾತು. ಚರಕ, ಸುಶ್ರುತರು ಚರ್ಮರೋಗಗಳನ್ನು ಕುಷ್ಠವೆಂಬ ಒಂದೇ ಹೆಸರಿನ ಕೆಳಗೆ ಹದಿನೆಂಟು ಬಗೆಯಾಗಿ ವಿಂಗಡಿಸಿದರು. ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು. ಗಜಕರ್ಣವೆಂದು ನಾವು ಕರೆಯುವ ದದ್ರುವನ್ನು ಸುಶ್ರುತನು ಮಹಾಕುಷ್ಠಗಳಲ್ಲಿ ಎಣಿಸಿದರೆ ಚರಕನು ಕ್ಷುದ್ರಗಳಲ್ಲಿ ಎಣಿಸಿದನು. ತುರಿಯನ್ನೂ ಸ್ರಾವವನ್ನೂ ಉಂಟುಮಾಡುವ ಪಾಮಾ ಎಂಬುದು ಇಬ್ಬರಲ್ಲಿಯೂ ಕ್ಷುದ್ರವೇ. ಕನ್ನಡದ ಕಜ್ಜಿ ಎಂಬ ಮಾತಿಗೂ ಸಂಸ್ಕೃತದ ಖರ್ಜು ಎಂಬುದಕ್ಕೂ ನಿಘಂಟುಕಾರರು ಸಂಬಂಧವನ್ನು ಕಲ್ಪಿಸಿದ್ದಾರೆ. ಕನ್ನಡದಲ್ಲಿ ಜೈನ ವೈದ್ಯಪರಂಪರೆಯು ಬಲವಾಗಿದ್ದುದು ಪ್ರಸಿದ್ಧವಾದ ಸಂಗತಿ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಗಳು ಆ ಪರಂಪರೆಯ ಕೃತಿಗಳು. ಎರಡನೆಯದರ ಹೆಸರೇ ಅರ್ಥವತ್ತಾದುದು: ಮಗುವಿನ ಬೇನೆಯೆಂದರೆ ಗ್ರಹವು ಹಿಡಿದುದು. ಪುಲಿಗೆರೆಯೆಂದು ಹೆಸರಾಗಿದ್ದ ಲಕ್ಷ್ಮೇಶ್ವರವು ಜೈನರ ದೊಡ್ಡ ನೆಲೆಯಾಗಿದ್ದುದರಿಂದ ಈ ವೈದ್ಯವು ಇಲ್ಲಿಗೆ ಅಪರಿಚಿತವಾಗಿದ್ದಿರಲಾರದು.

ಕುಷ್ಠವೆಂಬ ಪದದ ಅರ್ಥವು ಕಾಲಕ್ರಮದಲ್ಲಿ ಸಂಕುಚಿತವಾಗಿ ಒಂದೇ ಭಯಂಕರ ರೋಗಕ್ಕೆ ಮೀಸಲಾದುದು ಮಕ್ಕಳ ಪಾಲಿಗೆ ಕೆಡುಕಾಯಿತು. ಹುಡುಗನ ಕೆನ್ನೆಯ ಮೇಲೆ ಬಣ್ಣಗೆಟ್ಟ ಮಚ್ಚೆಯೊಂದು ಕಂಡಿತೆನ್ನೋಣ. ಅದು ಬಿಸಿಲಿಗೆ ಒಣಗಿದ ಚರ್ಮದ ಸಾಮಾನ್ಯವಾದ ಮಚ್ಚೆಯಾಗಿರಬಹುದು, ಶಿಲೀಂಧ್ರದಿಂದಾದ ಚಿಬ್ಬಾಗಿರಬಹುದು, ಯಾರಿಗೂ ಅಂಟದ ತೊನ್ನಾಗಿರಬಹುದು, ನಿಜವಾಗಿಯೂ ಕುಷ್ಠವೇ ಆಗಿರಬಹುದು. ಮುಟ್ಟಿದರೆ ಅರಿವಿಲ್ಲದ ಮಚ್ಚೆಯೇ ಕುಷ್ಠದ ಗುರುತೆಂಬುದು ವೈದ್ಯರಿಗೆ ತಿಳಿದಿತ್ತು, ಊರಿಗೆ ತಿಳಿದಿರಲಿಲ್ಲ. ೧೯೮೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಹುಔಷಧ ಚಿಕಿತ್ಸೆಯನ್ನು ವಿಧಿಸಿದ ಮೇಲೆ ಈ ರೋಗ ಗುಣವಾಗತಕ್ಕುದೆಂಬುದು ನಿಶ್ಚಯವಾಯಿತು. ಹೆಸರಿನ ಅಂಜಿಕೆ ಮಾತ್ರ ಅಷ್ಟು ಬೇಗ ಗುಣವಾಗಲಿಲ್ಲ.

ದಾಖಲೆಗಳಲ್ಲಿ ಸ್ಥಾನ ಪಡೆದ ಚರ್ಮದ ಬೇನೆಯೆಂದರೆ ಸಿಡುಬು. ಈ ಸೀಮೆಯಲ್ಲಿ ಅದು ದೇವಿ. ಲಸಿಕೆ ಚುಚ್ಚಿಸುವುದಕ್ಕೂ ದೇವಿ ಹಾಕಿಸುವುದೆಂದೇ ಹೆಸರು. ಮಗುವಿನ ಮೈಮೇಲೆ ಬಂದವಳೂ ಅವಳೇ, ಸರಕಾರದ ಆಳು ಸೂಜಿಯಿಂದ ತರುವವಳೂ ಅವಳೇ! ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಮೂರು ವರ್ಷದ ಹುಡುಗಿಯೊಬ್ಬಳಿಗೆ ಚುಚ್ಚಿದುದು ಭಾರತದಲ್ಲಿ ಗೋವಿನ ಸಿಡುಬಿನ ಲಸಿಕೆಯ ಪ್ರಾರಂಭ. ಅಲ್ಲಿಂದ ಬಹುಕಾಲದವರೆಗೆ ಲಸಿಕೆಯ ರಸವನ್ನು ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ಸಾಗಿಸಬೇಕಾಗಿತ್ತು. ಊರಿಂದೂರಿಗೆ ಮಗುವನ್ನು ಒಯ್ಯುವ ಈ ಪದ್ಧತಿಯನ್ನು ತಾಯಿತಂದೆಗಳು ಅಸಹ್ಯಪಟ್ಟುದು ಸಹಜ. ಜಾತಿಯ ಶಂಕೆಯೂ ಅದಕ್ಕೆ ಸೇರಿತು. ಮೈಯಲ್ಲಿ ಕಜ್ಜಿ ಹುಣ್ಣುಗಳಿದ್ದ ಮಗುವಿನಿಂದ ರಸ ತೆಗೆಯಬಾರದೆಂಬುದು ನಿಯಮವಾದುದರಿಂದ, ಸರಕಾರದ ನೌಕರನೊಬ್ಬನು ಹಳ್ಳಿಯ ಮಕ್ಕಳ ಚರ್ಮವನ್ನು ಕಣ್ಣಿಟ್ಟು ಪರೀಕ್ಷಿಸಿದುದು ಪ್ರಾಯಶಃ ಇದೇ ಮೊದಲು. ಆದರೆ ಅವನು ಕಜ್ಜಿಯ ಮಗುವನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದನು. ಮದ್ದು ಕೊಡುವುದು ಅವನ ಕೆಲಸವಾಗಿರಲಿಲ್ಲ.

೨೦ನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯ ಲಸಿಕಾ ಸಂಸ್ಥೆಯಲ್ಲಿ ಕರುಗಳಿಂದ ರಸವನ್ನು ಸಿದ್ಧಪಡಿಸತೊಡಗಿದ ಮೇಲೆ ಆ ತೊಡಕು ತಪ್ಪಿತು. ಮುಂಬಯಿ ಇಲಾಖೆಯ ಜಿಲ್ಲೆಗಳಿಗಾಗಿ ೧೮೯೨ರಲ್ಲಿ ಲಸಿಕೆಯ ಕಾಯಿದೆಯಾಗಿತ್ತಾದರೂ ಅದು ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ದೊರೆಯ ಪ್ರತ್ಯೇಕ ಆಜ್ಞೆ ಬೇಕಾಗಿತ್ತು. ಬೇನೆಗೆ ಇಂತಹ ಗಡಿಗಳಿಲ್ಲ. ೧೯೭೫ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿಯು ಅಸ್ಸಾಮಿನಲ್ಲಿ ಕಂಡುಬಂದಿತು. ಈ ವಿಷಯದಲ್ಲಿ ಬರೆಹಗಳು ಯಥೇಷ್ಟವಾಗಿರುವುದರಿಂದ ನಾವು ಇಷ್ಟಕ್ಕೇ ನಿಲ್ಲಿಸುತ್ತೇವೆ.

ಇನ್ನು ನಾರುಹುಣ್ಣಿನ ಕಡೆಗೆ ತಿರುಗೋಣ. ಇಂದಿನ ವಿದ್ಯಾರ್ಥಿಗಳು ಅದನ್ನು ಕಂಡಿರಲಾರರು. ಅವರ ಅಜ್ಜಂದಿರು ಮರೆತಿರಲಾರರು. ಕಾಲಿನ ಮೇಲೆ ಉರಿಯುವ ಬೊಕ್ಕೆಯೊಂದು ಏಳುತ್ತದೆ. ಒಡೆದರೆ ಬಿಳಿಯ ನೂಲಿನಂತಹ ಹುಳು ತಲೆಹಾಕುತ್ತದೆ. ಮಾರುದ್ದಕ್ಕೆ ಸಮೀಪಿಸುವ ಆ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು ಕೀವಾಗಿ, ಮಗು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಿತ್ತು. ಹುಳುವಿನ ಮರಿಗಳು ನೀರಿಗೆ ಬಿದ್ದು, ಸೈಕ್ಲೋಪ್ಸ್ ಎಂಬ ಅತಿಸೂಕ್ಷ್ಮ ಜಲಚರವನ್ನು ಹೊಕ್ಕು, ಆ ನೀರನ್ನು ಕುಡಿದವರ ಹೊಟ್ಟೆಯನ್ನು ಸೇರಿ, ಸುಮಾರು ಒಂದು ವರ್ಷದ ತರುವಾಯ ಮತ್ತೆ ಕಾಲಿನಲ್ಲಿ ಹೊರಬೀಳುತ್ತವೆ. ಈ ಚಕ್ರದ ಮುಖ್ಯ ಸಂಧಿಯನ್ನು ರಷ್ಯದ ಫೆಡ್ಚೆಂಕೊ ಎಂಬ ವಿಜ್ಞಾನಿಯು ೧೮೭೦ರಲ್ಲಿ ತುರ್ಕಿಸ್ತಾನದಲ್ಲಿ ಕಂಡುಹಿಡಿದನು.

ಇಲ್ಲಿ ಇತಿಹಾಸದ ಅಭ್ಯಾಸಕರು ಗಮನಿಸತಕ್ಕುದೊಂದುಂಟು. ಗದಗಿನಿಂದ ಹನ್ನೆರಡು ಕಿಲೋಮೀಟರು ದೂರದ ಲಕ್ಕುಂಡಿಯ ಮೆಟ್ಟಿಲುಬಾವಿಗಳನ್ನು ನಾವು ಚಾಲುಕ್ಯಶಿಲ್ಪದ ಉತ್ತಮ ನಿದರ್ಶನಗಳೆಂದು ವರ್ಣಿಸುತ್ತೇವೆ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಸೋಪಾನಗಳನ್ನು ನೋಡಿ ಮೆಚ್ಚದವರಿಲ್ಲ. ಆ ಮೆಚ್ಚುಗೆಗೆ ನಾವೂ ಪಾಲುದಾರರೇ. ಆದರೆ ರೋಗದ ದೃಷ್ಟಿಯಿಂದ ಮೆಟ್ಟಿಲುಬಾವಿಯೆಂದರೆ ನೀರಿಗೂ ಕಾಲಿಗೂ ನೇರವಾದ ಸಂಬಂಧವನ್ನು ಕಲ್ಪಿಸುವ ಕಟ್ಟಡ. ಹಗ್ಗದಿಂದ ಸೇದುವ ಬಾವಿಯಲ್ಲಿ ಹುಣ್ಣಿನ ಕಾಲು ನೀರನ್ನು ಮುಟ್ಟುವುದಿಲ್ಲ. ಮೆಟ್ಟಿಲಿಳಿದು ಕೊಡ ಮುಳುಗಿಸುವಲ್ಲಿ ಮುಟ್ಟುತ್ತದೆ. ಉರಿಯುವ ಬೊಕ್ಕೆಗೆ ತಣ್ಣೀರು ಹಿತವಾದುದರಿಂದ ಬೇಕೆಂದೇ ಮುಟ್ಟಿಸುವುದೂ ಉಂಟು. ಧರ್ಮಬುದ್ಧಿಯಿಂದ ಕಟ್ಟಿಸಿದ ಸೋಪಾನಗಳೇ ನಾಡಿನ ಒಣಸೀಮೆಗಳಲ್ಲಿ ರೋಗಕ್ಕೆ ದಾರಿಯಾದುವು.

ತುಂಗಭದ್ರೆಯ ಆಚೆಗೆ, ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿಯವರು ೧೯೩೦ರ ದಶಕದಲ್ಲಿ ನಡೆಸಿದ ಕಾರ್ಯವು ಹೆಚ್ಚಿನ ಪ್ರಸಿದ್ಧಿಗೆ ಅರ್ಹವಾದುದು. ಮೆಟ್ಟಿಲುಬಾವಿಗಳನ್ನು ಮುಚ್ಚಿಸಲು ಜನರು ಒಪ್ಪರು. ಔಷಧ ಸುರಿಯಲೂ ಒಪ್ಪರು. ಮೂರ್ತಿಯವರು ಸೈಕ್ಲೋಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗಳಲ್ಲಿ ಬಿಡಿಸಿದರು. ವೆಚ್ಚವಿಲ್ಲದ, ಯಾರ ಮನಸ್ಸನ್ನೂ ನೋಯಿಸದ ಉಪಾಯ ಅದು. ಅಖಿಲ ಭಾರತ ಮಟ್ಟದ ಕಾರ್ಯಕ್ರಮ ಆರಂಭವಾಗಲು ಮಾತ್ರ ೧೯೮೩-೮೪ರವರೆಗೆ ಕಾಯಬೇಕಾಯಿತು. ೧೯೮೪ರಲ್ಲಿ ಏಳು ರಾಜ್ಯಗಳಲ್ಲಿ ಸುಮಾರು ೪೦,೦೦೦ ರೋಗಿಗಳು ಲೆಕ್ಕಕ್ಕೆ ಸಿಕ್ಕರು. ಕರ್ನಾಟಕವೂ ಆ ಏಳರಲ್ಲಿ ಒಂದು, ಅದರಲ್ಲಿಯೂ ಉತ್ತರದ ಜಿಲ್ಲೆಗಳಲ್ಲಿಯೇ ಬಾಧೆ ಹೆಚ್ಚು. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾರ್ಪಡಿಸುವುದು, ಕೊಳವೆಬಾವಿ ಕೊರೆಯುವುದು, ನೀರನ್ನು ಅರಿವೆಯಲ್ಲಿ ಸೋಸುವುದು ಇವೇ ಮದ್ದುಗಳು. ನಾರುಹುಣ್ಣಿಗೆ ಲಸಿಕೆಯಿಲ್ಲ, ಗುಳಿಗೆಯೂ ಇಲ್ಲ. ೧೯೯೬ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದೇಶದ ಕೊನೆಯ ರೋಗಿಯು ಕಂಡುಬಂದನು. ೨೦೦೦ದಲ್ಲಿ ಭಾರತವು ಈ ರೋಗದಿಂದ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಕೇವಲ ನೀರಿನ ವ್ಯವಸ್ಥೆಯಿಂದ ಒಂದು ರೋಗವು ದೇಶವನ್ನು ಬಿಟ್ಟುಹೋದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ತಿಳಿಯದು. ಆದರೂ ಒಂದು ಮಾತನ್ನು ಸೇರಿಸಬೇಕು. ಮುಂಡರಗಿ ತಾಲ್ಲೂಕಿನಲ್ಲಿ ಆಳದಿಂದ ಎತ್ತಿದ ಕೊಳವೆಬಾವಿಯ ನೀರು ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡಿನಿಂದ ಕೂಡಿತ್ತು. ಕಾಲಿನ ಹುಣ್ಣು ಹೋಯಿತು; ಮಕ್ಕಳ ಹಲ್ಲುಗಳಿಗೆ ಕಂದುಗರೆ ಬಂದಿತು.

ಕಜ್ಜಿಯ ಮಾತು ಇಷ್ಟು ಸರಳವಲ್ಲ. ಅದರ ಹುಳು ಒಂದು ಮಿಲಿಮೀಟರಿನ ಅರ್ಧಕ್ಕಿಂತಲೂ ಚಿಕ್ಕದು. ಹೆಣ್ಣುಹುಳು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಬೆರಳ ಸಂದು, ಮಣಿಕಟ್ಟು, ಕಂಕುಳು, ಕುಂಡೆಗಳು ಅದರ ಪ್ರಿಯವಾದ ಎಡೆಗಳು. ಎಳೆಗೂಸಿನಲ್ಲಿ ಅಂಗೈ ಅಂಗಾಲು ತಲೆಗಳನ್ನೂ ಬಿಡುವುದಿಲ್ಲ. ಮೊದಲ ಬಾರಿ ಹತ್ತಿದಾಗ ತುರಿಕೆ ಆರಂಭವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಆ ಮಗುವಿನ ಮಗ್ಗುಲಲ್ಲಿ ಮಲಗಿದವರೆಲ್ಲರಿಗೂ ದಾಟಿರುತ್ತದೆ. ಇಟಲಿಯ ಬೊನೊಮೊ ಎಂಬ ವೈದ್ಯನು ೧೬೮೭ರಲ್ಲಿಯೇ ಈ ಹುಳುವನ್ನು ವರ್ಣಿಸಿದ್ದರೂ ಪಂಡಿತರು ಒಂದೂವರೆ ಶತಮಾನ ನಂಬಲಿಲ್ಲ, ರಕ್ತದೋಷವೆಂದೇ ಸಾಧಿಸಿದರು. ೧೮೩೪ರಲ್ಲಿ ಕಾರ್ಸಿಕಾ ದ್ವೀಪದ ರೆನುಚ್ಚಿ ಎಂಬ ವಿದ್ಯಾರ್ಥಿಯು ಪ್ಯಾರಿಸಿನ ಆಸ್ಪತ್ರೆಯೊಂದರಲ್ಲಿ ಎಲ್ಲರ ಮುಂದೆ ಸೂಜಿಯ ಮೊನೆಯಿಂದ ಹುಳುವನ್ನು ಎತ್ತಿ ತೋರಿಸಿದನು. ಆ ಕೌಶಲವನ್ನು ಅವನು ಕಲಿತದ್ದು ತನ್ನ ಊರಿನ ಬಡ ಹೆಂಗಸರಿಂದ. ವಿದ್ಯಾಪೀಠಗಳ ಚರಿತ್ರೆಯಲ್ಲಿ ಇಂತಹ ಪ್ರಸಂಗಗಳು ವಿರಳವಲ್ಲ.

ಕಜ್ಜಿಯನ್ನು ಕುರಿತು ನಮ್ಮಲ್ಲಿಯೂ ಇತರರಲ್ಲಿಯೂ ಬೇರೂರಿದ ತೀರ್ಪೆಂದರೆ ಅದು ಕೊಳಕಿನ ರೋಗವೆಂಬುದು. ಶಾಲೆಯಿಂದ ಹಿಂದಕ್ಕೆ ಕಳುಹಿಸಲ್ಪಟ್ಟ ಮಗುವಿನ ತಾಯಿಯು ಈ ತೀರ್ಪನ್ನು ತಲೆತಗ್ಗಿಸಿ ಕೇಳಬೇಕಾಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಎಂಬವನು ಇದನ್ನು ಪರೀಕ್ಷೆಗೆ ಒಡ್ಡಿದನು. ಸೈನ್ಯಕ್ಕೆ ಸೇರಲೊಪ್ಪದ ಶಾಂತಿವಾದಿಗಳು ಸ್ವಯಂಸೇವಕರಾಗಿ ಕಜ್ಜಿಯ ಸೈನಿಕರು ಹೊದ್ದ ಕಂಬಳಿಗಳನ್ನೇ ಹೊದ್ದು, ಅವರು ತೊಟ್ಟ ಒಳಉಡುಪುಗಳನ್ನೇ ತೊಟ್ಟು ಮಲಗಿದರು. ಬಹುಮಟ್ಟಿಗೆ ಯಾರಿಗೂ ರೋಗ ಹತ್ತಲಿಲ್ಲ. ಮೈಗೆ ಮೈ ಸೋಕಿ ಬಹುಹೊತ್ತು ಇದ್ದಾಗಲೇ ಹುಳು ದಾಟುವುದೆಂಬುದು ಸಿದ್ಧವಾಯಿತು. ಮಿಂದವನಿಗೂ ಮೀಯದವನಿಗೂ ಹುಳುವಿನ ದೃಷ್ಟಿಯಲ್ಲಿ ಭೇದವಿಲ್ಲ.

ಈ ಶೋಧವನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡಿದರೆ ಪ್ರಶ್ನೆಯು ಮನೆಯ ಅಳತೆಗೆ ಬಂದು ನಿಲ್ಲುತ್ತದೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಮುಖ್ಯ ಕೋಣೆಯನ್ನು ಕುಣಿಮಗ್ಗವು ಆಕ್ರಮಿಸಿರುತ್ತಿತ್ತು. ಉಳಿದ ಎಡೆಯಲ್ಲಿ ಅಡಿಗೆ, ನೂಲು ಸುತ್ತುವುದು, ಎಲ್ಲರ ನಿದ್ರೆ. ಚಳಿಗಾಲದಲ್ಲಿ ಒಂದೇ ಕೌದಿಯ ಕೆಳಗೆ ನಾಲ್ಕು ಮಕ್ಕಳು ಮಲಗುವುದು ಬಡತನದ ಮಾತಷ್ಟೇ ಅಲ್ಲ, ಅಕ್ಕರೆಯ ಮಾತೂ ಹೌದು. ಕಜ್ಜಿಯು ಚಳಿಯ ತಿಂಗಳುಗಳಲ್ಲಿ ಹೆಚ್ಚುವುದಕ್ಕೆ ಇದೇ ಕಾರಣ. ೧೮೭೬-೭೮ರ ದೊಡ್ಡ ಬರದಲ್ಲಿ ಧಾರವಾಡ ಜಿಲ್ಲೆಯ ಪೂರ್ವಭಾಗವು ಬಲವಾಗಿ ಬಳಲಿತು. ಪರಿಹಾರದ ಕಾಮಗಾರಿಗಳಲ್ಲಿ ಜನರು ಒತ್ತೊತ್ತಾಗಿ ನೆರೆದಾಗ ಮಕ್ಕಳ ಮೈಯಲ್ಲಿ ಏನು ಹರಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಹಾಗಾದರೆ ನೀರಿಗೂ ಕಜ್ಜಿಗೂ ಸಂಬಂಧವಿಲ್ಲವೆ? ಉಂಟು, ಅದು ಎರಡನೆಯ ಅಂಕದಲ್ಲಿ ಬರುತ್ತದೆ. ತುರಿಸಿದ ಉಗುರು ಚರ್ಮವನ್ನು ಸೀಳುತ್ತದೆ. ಸೀಳಿನಲ್ಲಿ ಕೀವಿನ ಜೀವಾಣುಗಳು ಸೇರುತ್ತವೆ. ಬೊಬ್ಬೆಗಳೆದ್ದು ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ. ಹುಳುವನ್ನು ತಡೆಯಲಾರದ ನೀರು ಈ ಕೀವನ್ನು ತಡೆಯಬಲ್ಲದು. ಕರಾಚಿಯ ಬಡಕೇರಿಗಳಲ್ಲಿ ನಡೆದು ೨೦೦೫ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಾಬೂನು ಕೊಟ್ಟು ಕೈತೊಳೆಯುವ ರೂಢಿ ಮಾಡಿಸಿದ ಮನೆಗಳ ಮಕ್ಕಳಲ್ಲಿ ಇಂತಹ ಕೀವುಗುಳ್ಳೆಗಳು ನೂರಕ್ಕೆ ೩೪ರಷ್ಟು ಕಡಿಮೆಯಾದುವು. ೧೯೭೨ರಲ್ಲಿ ಪೂರ್ವ ಆಫ್ರಿಕೆಯ ನೀರಿನ ಬಳಕೆಯನ್ನು ಕುರಿತು ಬರೆದ ಬ್ರಾಡ್ಲೆ ಮೊದಲಾದವರು ನೀರಿನ ಮಾಲಿನ್ಯದಿಂದ ಬರುವ ರೋಗಗಳನ್ನೂ ನೀರಿನ ಕೊರತೆಯಿಂದ ಬರುವ ರೋಗಗಳನ್ನೂ ಬೇರ್ಪಡಿಸಿದರು. ನಮ್ಮ ಮಕ್ಕಳ ಚರ್ಮವು ಎರಡನೆಯ ಪಂಗಡಕ್ಕೆ ಸೇರಿದುದು. ನೀರು ಶುದ್ಧವೇ ಎಂದು ಕೇಳುವ ಮೊದಲು ಎಷ್ಟು ಕೊಡ ಎಂದು ಕೇಳಬೇಕು.

ಕೀವು ಚರ್ಮದಲ್ಲಿಯೇ ಉಳಿದರೆ ಚಿಂತೆಯಿಲ್ಲ. ಸ್ಟ್ರೆಪ್ಟೊಕಾಕಸ್ ಜೀವಾಣುವಿನ ಕೆಲವು ಜಾತಿಗಳಿಂದ ಹುಣ್ಣಾದ ಮಗುವಿನಲ್ಲಿ ಎರಡು ಮೂರು ವಾರಗಳ ತರುವಾಯ, ಒಮ್ಮೊಮ್ಮೆ ಹುಣ್ಣು ಮಾಯ್ದ ಮೇಲೆ, ಮುಖ ಬಾಯುತ್ತದೆ. ಮೂತ್ರವು ಕಡಿಮೆಯಾಗಿ ಚಹದ ಬಣ್ಣಕ್ಕೆ ತಿರುಗುತ್ತದೆ. ಇದು ಮೂತ್ರಪಿಂಡದ ಉರಿಯೂತ. ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಕೆಲವರು ಏರಿದ ರಕ್ತದೊತ್ತಡದಿಂದ ಸೆಳವು ಬಂದು ತೀರಿಕೊಳ್ಳುತ್ತಾರೆ. ಭಾರತದಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದವರ ಸಂತತಿಯು ಹೆಚ್ಚಾಗಿರುವ ದಕ್ಷಿಣ ಟ್ರಿನಿಡಾಡಿನಲ್ಲಿ ಕಜ್ಜಿಯ ಹಾವಳಿಯ ಬೆನ್ನಲ್ಲೇ ಮೂತ್ರಪಿಂಡದ ರೋಗವು ಅಲೆಯಾಗಿ ಬಂದುದನ್ನು ವೈದ್ಯರು ದಾಖಲಿಸಿದ್ದಾರೆ. ಕಜ್ಜಿಯಿಂದ ಯಾರೂ ಸಾಯುವುದಿಲ್ಲವೆಂದು ಅಂಕಣವನ್ನೇ ಇಡದ ಹಳೆಯ ಲೆಕ್ಕದಲ್ಲಿ ಇಂತಹ ಮಗುವಿನ ಸಾವು ಎಲ್ಲಿಗೆ ಸೇರಿರಬೇಕು? ಜ್ವರಕ್ಕೆ, ಇಲ್ಲವೆ ಇತರ ಕಾರಣಗಳಿಗೆ.

ನೀರಿನ ಕೊರತೆಯು ಊರಿನ ಎಲ್ಲರಿಗೂ ಸಮನಾಗಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಊರ ಬಾವಿಯ ನೀರು ದೊರೆಯುತ್ತಿದ್ದುದು ಇತರರು ದೂರದಿಂದ ಸುರಿದರೆ ಮಾತ್ರ. ಸ್ನಾನದ ಮಾತಂತೂ ದೂರ. ೧೯೨೩ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯು ಎಸ್. ಕೆ. ಬೋಲೆಯವರ ಗೊತ್ತುವಳಿಯನ್ನು ಸ್ವೀಕರಿಸಿ, ಸಾರ್ವಜನಿಕ ಹಣದಿಂದ ನಡೆಯುವ ಕೆರೆಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು ಸಾರಿತು. ಆ ಗೊತ್ತುವಳಿಯ ಬಲದಿಂದಲೇ ೧೯೨೭ರಲ್ಲಿ ಡಾ. ಅಂಬೇಡಕರರು ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಿದುದು. ಕಾಗದದ ಮೇಲೆ ಅದು ಗದಗಿಗೂ ಮುಂಡರಗಿಗೂ ಅನ್ವಯಿಸುತ್ತಿತ್ತು. ಸಂಸ್ಥಾನಕ್ಕೆ ಸೇರಿದ ಶಿರಹಟ್ಟಿ ಲಕ್ಷ್ಮೇಶ್ವರಗಳಿಗೆ ಕಾಗದದ ಮೇಲೆಯೂ ಅನ್ವಯಿಸುತ್ತಿರಲಿಲ್ಲ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ದೇಶಕ್ಕೆಲ್ಲ ಒಂದಾಗಿ ಬಂದಿತು. ಸಾಮಾಜಿಕ ಚರಿತ್ರೆಯಲ್ಲಿ ನಾವು ಬಾವಿಯ ಹೋರಾಟವನ್ನು ಮಾನದ ಹೋರಾಟವೆಂದು ಬರೆಯುತ್ತೇವೆ, ಅದು ಸರಿ. ಅದು ಮಕ್ಕಳ ಮೊಳಕಾಲಿನ ಹಕ್ಕಳೆಗಳ ಹೋರಾಟವೂ ಆಗಿತ್ತೆಂಬುದನ್ನು ಬರೆಯಲು ಮರೆಯುತ್ತೇವೆ. ಕೊಳಕರೆಂದು ದೂರವಿರಿಸಿ ನೀರನ್ನು ನಿರಾಕರಿಸುವುದು, ನೀರಿಲ್ಲದೆ ಹುಣ್ಣಾದ ಮೇಲೆ ಹುಣ್ಣನ್ನು ತೋರಿಸಿ ಕೊಳಕರೆನ್ನುವುದು, ಇದಕ್ಕಿಂತ ಕ್ರೂರವಾದ ತರ್ಕ ಬೇರೊಂದಿರಲಾರದು.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಹಳಬರು ದಾರಿತಪ್ಪಿರಲಿಲ್ಲ. ಗಂಧಕವನ್ನು ಹೊಂಗೆಯ ಎಣ್ಣೆಯಲ್ಲಾಗಲಿ ಬೇವಿನ ಎಣ್ಣೆಯಲ್ಲಾಗಲಿ ಕಲಸಿ ಹಚ್ಚುವುದು ಪುರಾತನ ಕ್ರಮ. ಗಂಧಕದ ಮುಲಾಮನ್ನು ಎಳೆಗೂಸುಗಳಿಗೆ ಇಂದಿನ ವೈದ್ಯರೂ ನಿಶ್ಚಿಂತೆಯಿಂದ ಕೊಡುತ್ತಾರೆ. ಮೂಲಿಕೆಗಳಿಗೆ ಹೆಸರಾದ ಕಪ್ಪತಗುಡ್ಡವು, ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗುವುದಕ್ಕೆ ಶತಮಾನಗಳ ಹಿಂದಿನಿಂದಲೂ, ಈ ಊರುಗಳ ವೈದ್ಯರ ಉಗ್ರಾಣವಾಗಿದ್ದಿತು. ೧೮೪೧ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಮುಂದೆ ಅಲ್ಲಿ ಆಸ್ಪತ್ರೆಯನ್ನೂ ನಡೆಸಿದರು. ಎರಡನೆಯ ಮಹಾಯುದ್ಧದ ಕಾಲದಿಂದ ಬೆಂಜೈಲ್ ಬೆಂಜೊಯೇಟಿನ ದ್ರವವೂ ಇತ್ತೀಚೆಗೆ ಪರ್ಮೆಥ್ರಿನ್ ಮುಲಾಮು, ಐವರ್ಮೆಕ್ಟಿನ್ ಗುಳಿಗೆಗಳೂ ಬಂದಿವೆ. ಮದ್ದು ಯಾವುದಾದರೂ ಸರಿ, ಒಂದೇ ರಾತ್ರಿ ಮನೆಯ ಎಲ್ಲರೂ ಹಚ್ಚಿಕೊಳ್ಳದಿದ್ದರೆ ಕೆಲಸ ಕೆಡುತ್ತದೆ. ತುರಿಕೆಯಿಲ್ಲದವರು ತಮಗೇಕೆಂದು ಬಿಟ್ಟುಬಿಡುತ್ತಾರೆ, ಹುಳು ಅವರ ಮೈಯಲ್ಲಿ ಕಾದಿರುತ್ತದೆ. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕಜ್ಜಿಯನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕಜ್ಜಿಗೆ ಕೊನೆಗೊಂದು ಅಂಕಣ ದೊರೆಯಿತೆನ್ನಬಹುದು.

ಆಹಾರದಿಂದ ಬರುವ ಒಂದು ವಿಕಾರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಮೊಳಕೈ, ಮೊಳಕಾಲು, ತೊಡೆಗಳ ಮೇಲೆ ಮುಳ್ಳುಮುಳ್ಳಾದ ಒರಟು ಗುಳ್ಳೆಗಳೇಳುವ ಈ ಸ್ಥಿತಿಗೆ ನಿಕೋಲ್ಸ್ ಎಂಬ ವೈದ್ಯನು ೧೯೩೩ರಲ್ಲಿ ಕಪ್ಪೆಚರ್ಮವೆಂಬರ್ಥದ ಗ್ರೀಕ್ ಹೆಸರನ್ನಿಟ್ಟನು. ಮೊದಲು ಎ ಜೀವಸತ್ವದ ಕೊರತೆಯೊಂದೇ ಕಾರಣವೆಂದು ತಿಳಿದಿದ್ದರು. ಕೂನೂರಿನ ಆಹಾರ ಸಂಶೋಧನಾಲಯದ ಕಾಲದಲ್ಲಿ ನಡೆದ ಶೋಧನೆಗಳಿಂದ, ಮುಖ್ಯವಾಗಿ ಸಿ. ಗೋಪಾಲನ್ನರು ೧೯೪೭ರಲ್ಲಿ ಪ್ರಕಟಿಸಿದ ವಿಚಾರದಿಂದ, ಎಣ್ಣೆಗಳಲ್ಲಿರುವ ಅವಶ್ಯಕ ಕೊಬ್ಬಿನಾಮ್ಲಗಳ ಕಡೆಗೆ ಗಮನ ಹರಿಯಿತು. ಅಂತಹ ಆಮ್ಲವು ಹೇರಳವಾಗಿರುವ ಎಣ್ಣೆಗಳಲ್ಲಿ ಕುಸುಬೆಯ ಎಣ್ಣೆ ಅಗ್ರಗಣ್ಯವಾದುದು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವೇ. ಎರೆಯ ಹೊಲದ ಅಂಚಿನಲ್ಲಿ ಜೋಳಕ್ಕೆ ಬೇಲಿಯಾಗಿ ಬೆಳೆಯುತ್ತಿದ್ದ ಕುಸುಬೆಯು ಮನೆಯ ಗಾಣದೆಣ್ಣೆಯಾಗಿ ಮಗುವಿನ ರೊಟ್ಟಿಗೆ ಸೇರುತ್ತಿದ್ದ ಕಾಲದಲ್ಲಿ ಅದು ಔಷಧವೆಂದು ಯಾರೂ ಎಣಿಸಿರಲಿಲ್ಲ. ಕಪ್ಪೆಚರ್ಮವು ಹಳೆಯ ಮಾತೆಂದು ತಿಳಿಯುವಂತಿಲ್ಲ. ದಾವಣಗೆರೆಯ ವೈದ್ಯರು ೧೨೫ ರೋಗಿಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದಾರೆ.

ಇಂದಿನ ಸ್ಥಿತಿ ಎಂತಹುದು? ಗದಗ-ಬೆಟಗೇರಿಗೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದ ತುಂಗಭದ್ರೆಯ ನೀರು ಬರುತ್ತದೆ. ನಳಕ್ಕಾಗಿ ವಾರಗಟ್ಟಲೆ ಕಾಯಬೇಕಾದ ದಿನಗಳು ಈ ಶತಮಾನದಲ್ಲಿಯೂ ನಗರಕ್ಕೆ ಹೊಸವಲ್ಲ. ೨೦೧೫ರಲ್ಲಿ ಗದಗಿನಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದುದರಿಂದ ಮೊದಲು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಿದ್ದ ಮಕ್ಕಳಿಗೆ ಹತ್ತಿರದಲ್ಲಿಯೇ ಆಶ್ರಯ ದೊರೆತಿದೆ. ಕಜ್ಜಿಯು ಹೋಗಿಲ್ಲ, ಆದರೆ ಇಂದಿನ ವೈದ್ಯರನ್ನು ಅದಕ್ಕಿಂತಲೂ ಹೆಚ್ಚಾಗಿ ಕಂಗೆಡಿಸಿರುವುದು ಗಜಕರ್ಣ.

ಗಜಕರ್ಣದ ಚಿಕಿತ್ಸೆಗೂ ಒಂದು ಚರಿತ್ರೆಯುಂಟು. ತಗಚೆಯ ಬೀಜವನ್ನು ಅರೆದು ಹಚ್ಚುವುದು ಹಳ್ಳಿಯ ಮದ್ದು. ೧೯ನೆಯ ಶತಮಾನದಲ್ಲಿ ಗೋವೆಯ ಪುಡಿಯೆಂಬ ಹಳದಿಯ ಚೂರ್ಣವು ಮುಂಬಯಿ ಇಲಾಖೆಯಲ್ಲಿ ಪ್ರಸಿದ್ಧವಾಯಿತು. ಅದು ಗೋವೆಯದಲ್ಲ, ಬ್ರೆಜಿಲಿನ ಮರವೊಂದರಿಂದ ಪೋರ್ಚುಗೀಜರ ಹಡಗುಗಳಲ್ಲಿ ಬಂದುದು. ೧೯೫೮ರ ಸುಮಾರಿಗೆ ಗ್ರಿಸಿಯೊಫಲ್ವಿನ್ ಎಂಬ ನುಂಗುವ ಔಷಧವು ಬಂದಾಗ ಗಜಕರ್ಣವು ಗೆದ್ದ ರೋಗವೆಂದೇ ವೈದ್ಯರು ಭಾವಿಸಿದರು. ಆದರೆ ತೀರ ಇತ್ತೀಚಿನ ವರ್ಷಗಳಲ್ಲಿ ದೇಶದಾದ್ಯಂತ ಅದು ಮದ್ದಿಗೆ ಬಗ್ಗದೆ, ಮನೆಮಂದಿಗೆಲ್ಲ ಹಬ್ಬಿ, ಹಿಂದೆ ಅಪರೂಪವಾಗಿದ್ದ ಎಳೆಮಕ್ಕಳ ಮೈಯಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಕಾರಣಗಳಲ್ಲಿ ಮುಖ್ಯವಾದುದು ಸ್ಟೆರಾಯ್ಡ್ ಬೆರೆಸಿದ ಮುಲಾಮು. ಹಚ್ಚಿದ ಎರಡೇ ದಿನಗಳಲ್ಲಿ ತುರಿಕೆಯೂ ಕೆಂಪೂ ಅಡಗುತ್ತವೆ. ಶಿಲೀಂಧ್ರವು ಒಳಗೊಳಗೇ ಬೆಳೆಯುತ್ತದೆ. ಚರ್ಮವು ತೆಳುವಾಗಿ ಬರೆಗಳೇಳುತ್ತವೆ. ೨೦೧೮ರಲ್ಲಿ ಕೇಂದ್ರ ಸರಕಾರವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ೨೦೨೦ರಲ್ಲಿ ಈ ಮೊಂಡ ಶಿಲೀಂಧ್ರವನ್ನು ಹೊಸ ಜಾತಿಯೆಂದು ಗುರುತಿಸಿದ ವಿದ್ವಾಂಸರು ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ನಮ್ಮ ದೇಶದ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದರು. ಗಜಕರ್ಣದ ಮಗುವನ್ನು ಕರೆತಂದವರಿಗೆ ಚರ್ಮವೈದ್ಯರು ಈಗ ಮೊದಲು ಕೇಳುವುದು, ಇಲ್ಲಿಯವರೆಗೆ ಯಾವ ಟ್ಯೂಬನ್ನು ಹಚ್ಚಿದಿರಿ, ಅದನ್ನು ಅಂಗಡಿಯಿಂದ ತಂದುಕೊಟ್ಟವರು ಯಾರು ಎಂಬುದನ್ನು.